ಮೆಡಿಕಲ್ ಮುಂದಿನ ಬಸಲಿಂಗಮ್ಮ

ಮಸ್ಕಿಯ ಮೆಡಿಕಲ್ ಅಂಗಡಿ ಮುಂದೆ ಮೆಣಸಿನಕಾಯಿ ಮಾರುವ ಬಸಲಿಂಗಮ್ಮ, ಗುಳಿಗೆ ಕೊಂಡು ಹೊರಟವರನ್ನು ಸುಮ್ಮನೆ ಬಿಡುವುದಿಲ್ಲ. “ಹಿಂದ ಯಾವ ಗುಳಿಗಿ ಮೈಗೆ ಒಗ್ಗಿಲ್ಲ ಹೇಳ್ರಿ” ಎಂದು ಫೌಜದಾರನನ್ನೂ ತಡೆದು ಕೇಳಿದವಳು. ಬಸ್ಸಿನಲ್ಲಿ ಯಾರಾದರೂ ಮೈ ಕೆರೆದುಕೊಂಡರೆ ಎದ್ದು ಬಂದು ಅವರ ಪಕ್ಕದಲ್ಲೇ ಕೂತು, ಯಾವ ಗುಳಿಗೆ ನುಂಗಿದಿರೆಂದು ಕೇಳುವವಳು. “ನಿನ್ನ ಕಂಡು ನನ್ನ ಗಿರಾಕಿ ಓಡಾಕತ್ತಾರ ಬೇ” ಎಂದು ಅಂಗಡಿಯ ಅಮೀನ್‌ಸಾಬ್ ಗೊಣಗುತ್ತಾನೆ. ಹಿಂದೆ ಜ್ವರದ ಗುಳಿಗೆ ನುಂಗಿ ಬಸಲಿಂಗಮ್ಮನ ಗಂಡನ ಮೈ ಬೊಬ್ಬೆಯೆದ್ದಾಗ, ಸಿಡುಬಿನ ಅಮ್ಮ ಬಂದಳೆಂದು ಮನೆಯವರು ಬೇವಿನ ಸೊಪ್ಪು ಹಾಸಿದರು. ಗುಳಿಗೆ ಮಾತ್ರ ನಿಲ್ಲಿಸಲಿಲ್ಲ. ಅವನು ಉಳಿಯಲಿಲ್ಲ. ಇವತ್ತು ಯಮನೂರಮ್ಮ, ಗುಳಿಗೆ ನುಂಗಿದ ಮೇಲೆ ಮೈಯೆಲ್ಲ ಕೆಂಪಾದ ಮಗಳನ್ನು ಎತ್ತಿಕೊಂಡು ಮತ್ತದೇ ಗುಳಿಗೆ ಕೇಳಲು ಬಂದಳು. ಕೂಸಿನ ತುಟಿ ತುಂಬ ಹುಣ್ಣು. “ಗುಳಿಗಿ ಬಿಡು, ದವಾಖಾನಿಗೆ ನಡಿ” ಎಂದು ಬಸಲಿಂಗಮ್ಮ ಆಟೊ ನಿಲ್ಲಿಸಿದಳು. “ಅಮ್ಮ ಬಂದಾಳ ಯವ್ವಾ, ಸೂಜಿ ಮಾಡಿಸಿದ್ರ ಮುನಿತಾಳ” ಎಂದು ಯಮನೂರಮ್ಮ ಹಿಂಜರಿದಳು. “ನನ್ನ ಮ್ಯಾಲೆ ಮುನೀಲಿ. ನನ್ನಿಂದ ಕಸಗೊಳ್ಳಾಕ ಆಕಿಗೆ ಇನ್ನೇನೈತಿ? ಆಟೊ ಹತ್ತು.”