ಜಪಸರದ ನಡುವೆ ಒಂದು ನಿದ್ದೆ

ವಿಶ್ರಾಂತಿ ತೆಗೆದುಕೊಳ್ಳುವುದು ನನಗೆ ಬರುವುದಿಲ್ಲ. ಈಜು ಬಾರದವರು, ಹಾಡು ಬಾರದವರು ಇರುವ ಹಾಗೆ ಇದೂ ಒಂದು ಎಂದು ನೀವು ಸುಮ್ಮನಾಗಬಹುದು. ಆದರೆ ಈಜು ಬಾರದವನು ಕೆರೆಯ ಕಡೆಗೆ ಹೋಗದಿದ್ದರಾಯಿತು. ಭಾನುವಾರವಾದರೋ ತಾನಾಗಿಯೇ ಮನೆಗೆ ಬರುತ್ತದೆ.

ವಾರವೆಲ್ಲ ಕಚೇರಿಯಲ್ಲಿ ಅರ್ಜಿಗಳ ನಕಲು ತೆಗೆಯುತ್ತ ನಾನು ನೆನೆಯುವುದು ಆ ಮಧ್ಯಾಹ್ನವನ್ನೇ. ಪೂಜೆ ಮುಗಿಸಿ ಚರ್ಚಿನಿಂದ ಬಂದು, ಉಂಡು, ನಡುಮನೆಯ ಬೆತ್ತದ ಕುರ್ಚಿಯಲ್ಲಿ ಒರಗುತ್ತೇನೆ. ಒರಗಿದ್ದೇ ತಡ, ಮೈಸೂರಿನಲ್ಲಿ ಹಾಸಿಗೆ ಹಿಡಿದವರೆಲ್ಲ ಕಣ್ಣ ಮುಂದೆ ಬಂದು, ‘ನೀನು ಆರಾಮವಾಗಿದ್ದೀಯಲ್ಲ’ ಎಂದು ವಿಚಾರಿಸಿಕೊಳ್ಳುತ್ತಾರೆ. ಸರಿ, ಎದ್ದು ಅವರನ್ನು ನೋಡಲು ಹೊರಟರೆ ದಾರಿಯುದ್ದಕ್ಕೂ ಆ ಕುರ್ಚಿ ನನ್ನ ಹಿಂದೆಯೇ ನಡೆದು ಬರುತ್ತದೆ. ಕುರ್ಚಿಯಲ್ಲಿದ್ದಾಗ ಸೇವೆಯ ಚಿಂತೆ, ಸೇವೆಯಲ್ಲಿದ್ದಾಗ ಕುರ್ಚಿಯ ಚಿಂತೆ.

ನಮ್ಮ ಚರ್ಚಿನ ಫ್ರೆಂಚ್ ಸ್ವಾಮಿಗಳಾದರೂ ದಾರಿ ತೋರಿಸುತ್ತಾರೆಯೇ ಎಂದರೆ, ಅವರು ಒಂದೇ ಪ್ರಸಂಗದಲ್ಲಿ ಭಾನುವಾರ ದುಡಿಯುವುದು ಪಾಪವೆಂದೂ, ರೋಗಿಗಳನ್ನು ಮರೆತು ಮಲಗುವುದೂ ಪಾಪವೆಂದೂ ಹೇಳಿ ಪೀಠದಿಂದ ಇಳಿದುಬಿಡುತ್ತಾರೆ. ಎರಡು ಪಾಪಗಳ ನಡುವೆ ಕಾಲು ಚಾಚುವಷ್ಟು ಜಾಗ ಉಳಿದಿದೆಯೇ ಎಂದು ಹುಡುಕುವ ಕೆಲಸ ನನ್ನದು.

ಬಿರುಗಾಳಿಯ ನಡುವೆ ಯೇಸುಸ್ವಾಮಿ ದೋಣಿಯ ಹಿಂಭಾಗದಲ್ಲಿ ತಲೆದಿಂಬಿನ ಮೇಲೆ ಮಲಗಿ ನಿದ್ದೆಹೋಗಿದ್ದರಂತೆ. ಎದ್ದು ಗಾಳಿಯನ್ನು ನಿಲ್ಲಿಸಿದ್ದೇ ಎಲ್ಲರಿಗೂ ದೊಡ್ಡ ಪವಾಡ. ನನಗೆ ಆ ತಲೆದಿಂಬೇ ಪವಾಡ. ಲೋಕದ ಕೆಲಸವೆಲ್ಲ ತಲೆಯ ಮೇಲಿದ್ದವರು ತಲೆಯ ಕೆಳಗೊಂದು ದಿಂಬು ಇಟ್ಟುಕೊಂಡರಲ್ಲ! ನಾನಾಗಿದ್ದರೆ ದೋಣಿಯ ನೀರನ್ನು ಮೊಗೆದು ಚೆಲ್ಲುತ್ತ, ದಿಂಬು ನೆನೆಯಿತಲ್ಲ ಎಂದು ಕೊರಗುತ್ತಿದ್ದೆ.

ಈ ಬೇಸಗೆಯಲ್ಲಿ ನನ್ನ ಚಿಂತೆಗೆ ಇನ್ನಾಸಪ್ಪನವರು ಸಿಕ್ಕಿದರು. ಅರಮನೆಯ ಬ್ಯಾಂಡಿನಲ್ಲಿದ್ದವರು, ದಸರಾ ಮೆರವಣಿಗೆಯಲ್ಲಿ ಹಿತ್ತಾಳೆಯ ದೊಡ್ಡ ಕೊಂಬು ಊದಿಕೊಂಡು ನಡೆದವರು. ಈಗ ಉಬ್ಬಸ. ರಾತ್ರಿಯೆಲ್ಲ ಕೂತೇ ಕಳೆಯುತ್ತಾರೆ. ಇವರಿಗೆ ನಿದ್ದೆಯೊಂದು ಹತ್ತದಿದ್ದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. ಸುದ್ದಿ ಕೇಳಿದ್ದೇ ನಮ್ಮ ಚರ್ಚಿನವರೆಲ್ಲ ಅವರನ್ನು ನೋಡಲು ಹೊರಟರು. ನನ್ನ ಹೆಂಡತಿ ಲೂರ್ದಮ್ಮ ನನ್ನನ್ನೂ ಕುರ್ಚಿಯಿಂದ ಎಬ್ಬಿಸಿದಳು.

“ರೀ, ಹೋಗ್ಬುಟ್ಟು ಬಂದ್ಬುಡಿ. ಆ ಯಜಮಾನ್ರಿಗೆ ಏನಾದ್ರೂ ಆಗ್ಬುಟ್ರೆ ಆಮೇಲೆ ನೀವು ನಿದ್ದೆ ಮಾಡಲ್ಲ, ನನಗೂ ಮಾಡಕ್ಕೆ ಬುಡಲ್ಲ.”

ಹೋದೆ. ಬಾಗಿಲಲ್ಲಿ ಅವರ ಮಗಳು ಜ್ಞಾನಮ್ಮ. “ಬನ್ನಿ ಮಾವ. ಈಗ್ತಾನೆ ಚೌರಪ್ಪನೋರು ಎದ್ದೋದ್ರು. ಅವರಿಗಿಂತ ಮುಂಚೆ ಚರ್ಚಿನ ಉಪದೇಶಿಗಳು ಬಂದಿದ್ರು,” ಎಂದಳು. ಭಕ್ತಿ ಇಷ್ಟೊಂದು ಹೆಚ್ಚಿತಲ್ಲ ಎಂದು ನಾನು ಮೆಚ್ಚಿಕೊಂಡೆ.

ರೋಗಿಯ ಮನೆಗೆ ಹೋದವರು ಜಪಸರ ಹೇಳದೆ ಏಳುವುದು ನಮ್ಮಲ್ಲಿಲ್ಲ. ಪ್ರತಿ ಮಣಿಗೂ ಮುಂದಾಳು ಪ್ರಾರ್ಥನೆಯ ಮೊದಲರ್ಧ ಹೇಳಬೇಕು, ಉಳಿದರ್ಧವನ್ನು ಕೇಳುವವರು ಉತ್ತರವಾಗಿ ಹೇಳಬೇಕು. ಇನ್ನಾಸಪ್ಪನವರು ಗೋಡೆ ಹಿಡಿದು ಎದ್ದು ಕೂತು, ಕೈಮುಗಿದು, “ಸ್ತೋತ್ರ ಗುಮಾಸ್ತ್ರೇ. ಶುರು ಮಾಡಿ, ನಾನು ತಯಾರು,” ಎಂದರು. ಬ್ಯಾಂಡಿನ ಶಿಸ್ತು; ತಮ್ಮ ಪಾಳಿ ಬಂದಾಗ ಉಸಿರಿಲ್ಲ ಎನ್ನುವವರಲ್ಲ.

ಶುರು ಮಾಡಿದೆ. ಬಿಸಿಲು, ಹೊಟ್ಟೆ ತುಂಬ ಊಟ, ಗೋಡೆಗೆ ಒರಗಿಸಿದ ಒಂದು ಮರದ ಕುರ್ಚಿ. ಎಲ್ಲೋ ನಡುವಿನ ಮಣಿಗಳಲ್ಲಿ ನನ್ನ ನಾಲಿಗೆ ಭಾರವಾದದ್ದು ನೆನಪಿದೆ. ಆಮೇಲೆ ಕಣ್ಣು ಬಿಟ್ಟಾಗ ಕಿಟಕಿಯ ಬಿಸಿಲು ಎದುರು ಗೋಡೆ ಹತ್ತಿತ್ತು, ಜಪಸರ ನೆಲದ ಮೇಲಿತ್ತು, ನನ್ನ ಬಾಯಿ ತೆರೆದಿತ್ತು. ಕ್ಷಮೆ ಕೇಳಲು ದಡಬಡಿಸಿ ಎದ್ದರೆ ಜ್ಞಾನಮ್ಮ ತುಟಿಯ ಮೇಲೆ ಬೆರಳಿಟ್ಟಳು. ಇನ್ನಾಸಪ್ಪನವರು ಗಾಢವಾಗಿ ನಿದ್ರಿಸುತ್ತಿದ್ದರು. ನನ್ನ ಮೊದಲರ್ಧ ನಿಂತಿದ್ದರಿಂದ ಅವರ ಉಳಿದರ್ಧಕ್ಕೆ ಕೆಲಸವಿರಲಿಲ್ಲ.

ಜಗಲಿಗೆ ಬಂದ ಮೇಲೆ ಆಕೆ ಪಿಸುಗುಟ್ಟಿದಳು: “ಬರೋರೆಲ್ಲ ಜಪ ಎತ್ತುತಾರೆ ಮಾವ. ಬ್ಯಾಡ ಅನ್ನಕ್ಕೆ ನನಗೆ ಬಾಯಿ ಬರಲ್ಲ, ಉತ್ತರ ಹೇಳ್ದೆ ಇರಕ್ಕೆ ಅಪ್ಪಂಗೆ ಆಗಲ್ಲ. ಅರ್ಧಕ್ಕೇ ಬುಟ್ಟೋರು ಅಂದ್ರೆ ನೀವೊಬ್ರೇ.”

“ನಾನು ಬೇಕೂಂತ ಮಾಡಿದ್ದಲ್ಲಮ್ಮ.”

“ಬೇಕೂಂತಲೇ ಮಾಡಿ! ಮುಂದಿನ ಭಾನುವಾರಾನೂ ಬಂದು ಇಂಗೇ ಮಲಗ್ಬುಡಿ. ಒಳಗೆ ಒಬ್ರು ಕೂತವ್ರೆ, ಜಾಗ ಇಲ್ಲ ಅಂತ ಮಿಕ್ಕೋರ್ನ ಬಾಗಿಲಲ್ಲೇ ಕಳಿಸ್ತೀನಿ.”

ಮನೆಗೆ ಬಂದು ಹೇಳಿದರೆ ಲೂರ್ದಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. “ಮನೇಲಿ ಬರದೆ ಇರೋ ನಿದ್ದೆ ಅಲ್ಲಿ ಎಂಗೆ ಬಂತು ಕಣ್ರೀ?”

ನಗುವುದು ಸುಲಭ. ನಿದ್ದೆಯೇ ಸೇವೆಯಾಯಿತಲ್ಲ, ಇನ್ನು ನನ್ನ ಗತಿಯೇನು? ಒಬ್ಬರ ಪ್ರಾಣ ನನ್ನ ತೂಕಡಿಕೆಯ ಮೇಲೆ ನಿಂತಿದೆ. ವಾರವೆಲ್ಲ ಅದೇ ಚಿಂತೆ. ಶನಿವಾರ ನಿದ್ದೆ ಖರ್ಚಾಗಿ ಹೋದೀತೆಂದು ಬೇಗ ಎದ್ದೆ. ಭಾನುವಾರ ಆ ಮರದ ಕುರ್ಚಿಯಲ್ಲಿ ಕಣ್ಣು ಬಿಗಿಯಾಗಿ ಮುಚ್ಚಿ ಕೂತೆ. ಬಂದರೆ ತಾನೆ! ಕರ್ತವ್ಯವೆಂದು ಕರೆದರೆ ನಿದ್ದೆಯೂ ನನ್ನ ಹಾಗೆಯೇ ಬೇರೆ ಕಡೆ ನೋಡುತ್ತದೆ. ಒಂದೇ ಕಣ್ಣು ತೆರೆದು ರೋಗಿಯನ್ನು ಇಣುಕಿದೆ. ಅವರೂ ಒಂದು ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದರು.

“ಬರ್ಲಿಲ್ವಾ ಗುಮಾಸ್ತ್ರೇ?”

“ಇಲ್ಲ ಯಜಮಾನ್ರೇ.”

“ಪಾಪ, ವಾರವೆಲ್ಲ ದುಡಿದಿದ್ದೀರಿ. ಒಂದು ಕೆಲ್ಸ ಮಾಡಣ. ಈ ಸಲ ಮೊದಲರ್ಧ ನಾನು ಎತ್ತುತೀನಿ, ಮಲಗೇ ಹೇಳ್ತೀನಿ. ನೀವು ಆದಷ್ಟು ಉತ್ತರ ಹೇಳಿ.”

ನನ್ನನ್ನು ಮಲಗಿಸುವ ಹೊಣೆ ಸಿಕ್ಕಿದ್ದೇ ಅವರ ಮುಖ ಹಗುರಾಯಿತು. ಕೊಂಬು ಊದಿದ ಆ ಎದೆಯಿಂದ ದಾರದಂಥ ದನಿಯೊಂದು ಹೊರಟಿತು. ನಾನು ಉತ್ತರ ಹೇಳಿದೆ. ಇಬ್ಬರಲ್ಲಿ ಯಾರು ಮೊದಲು ನಿಲ್ಲಿಸಿದ್ದೋ ಗೊತ್ತಿಲ್ಲ.

ಎಚ್ಚರವಾದಾಗ ನನ್ನ ತಲೆಗೂ ಗೋಡೆಗೂ ನಡುವೆ ಒಂದು ತಲೆದಿಂಬಿತ್ತು. ಅಯ್ಯೋ, ಇದು ಯಾರ ತಲೆಯ ಕೆಳಗಿನಿಂದ ಬಂತು ಎಂದು ಚಿಂತೆ ಹತ್ತಿತು. ಕೇಳೋಣವೆಂದರೆ ತಂದೆ ಮಂಚದ ಮೇಲೆ, ಮಗಳು ಬಾಗಿಲಿಗೆ ಒರಗಿ, ಇಬ್ಬರೂ ಮಲಗಿದ್ದರು. ಅವರನ್ನು ಎಬ್ಬಿಸುವಷ್ಟು ಪರೋಪಕಾರ ನನ್ನಲ್ಲಿ ಉಳಿದಿರಲಿಲ್ಲ.