ತೊಟ್ಟಿನ ಹೋಳು

ನಮ್ಮ ಮಾವನನ್ನು ಹೋಟೆಲಿನಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲವಂತೆ. ನಾಲಿಗೆ ಮೇಸ್ತ್ರಿ ಎಂದರೇ ಗುರುತು. ಅವರದು ಅಲ್ಲಿ ಒಲೆಯ ಕೆಲಸ ಕಡಿಮೆ ಇರುವ ಸಲಾಡಿನ ವಿಭಾಗ. ಲೆಟ್ಯೂಸ್, ಸೌತೆಕಾಯಿ, ಮೂಲಂಗಿ, ಟೊಮೆಟೊ, ಇವೇ ಅವರ ಸಂಸಾರ. ಆದರೂ ಬೇರೆ ಅಡುಗೆಯವರು ಕುದಿಯುವ ಪಾತ್ರೆಯಿಂದ ಒಂದು ಚಮಚ ತೆಗೆದುಕೊಂಡು ಇವರ ಮೇಜಿಗೇ ಬರುತ್ತಿದ್ದರು. ಇವರು ನಾಲಿಗೆಯ ತುದಿಗೆ ಮುಟ್ಟಿಸಿ ಉಪ್ಪು ಸಾಲದು ಎಂದರೆ ಸಾಲದು, ಅಷ್ಟೇ.

ಆ ನಾಲಿಗೆ ಸಂಜೆ ಅವರ ಜೊತೆ ಮನೆಗೂ ಬರುತ್ತಿತ್ತು. ಅತ್ತೆ ಏನೇ ಬಡಿಸಲಿ, ಮಾವ ಬೆರಳ ತುದಿಯಲ್ಲಿ ಒಂದಿಷ್ಟು ತೆಗೆದು ನೆಕ್ಕಿ, ತಟ್ಟೆಯನ್ನು ತೋರುಬೆರಳಿನಿಂದ ಮೆಲ್ಲಗೆ ಮುಂದಕ್ಕೆ ತಳ್ಳುವರು. "ದನಕ್ಕೂ ಹಾಕ್ಬೇಡ." ಕೂಗಾಟವಿಲ್ಲ, ಪಾತ್ರೆ ಎಸೆಯುವುದಿಲ್ಲ. ಬರೀ ಒಂದು ಬೆರಳು. ಒಮ್ಮೆ ಅತ್ತೆಯ ತಾಯಿ ಮಗಳನ್ನು ನೋಡಲು ಬಂದವರು ತಾವೇ ಒಲೆಯ ಮುಂದೆ ನಿಂತು ಅಡುಗೆ ಮಾಡಿದ್ದರಂತೆ. ಮಾವ ಅದನ್ನೂ ಹಾಗೇ ತಳ್ಳಿದರು. ಆ ಮುದುಕಿ ಉಣ್ಣದೆ ಎದ್ದು, ಚೀಲ ಹಿಡಿದು ಬಸ್ಸಿಗೆ ಹೋದವರು ಮತ್ತೆ ಈ ಮನೆಯ ಮೆಟ್ಟಿಲು ಹತ್ತಲಿಲ್ಲ. ಇದನ್ನು ನನಗೆ ಹೇಳುವಾಗ ಅತ್ತೆ ದನಿ ಏರಿಸಲಿಲ್ಲ. ಪಾತ್ರೆ ಒರೆಸುವ ಬಟ್ಟೆಯನ್ನು ಮಾತ್ರ ಹಿಂಡುತ್ತಲೇ ಇದ್ದರು.

ಹೋದ ಚಳಿಗಾಲದಲ್ಲಿ ಮಾವನಿಗೆ ಜೋರು ಜ್ವರ ಬಂತು. ಜ್ವರ ಬಿಟ್ಟರೂ ನಿಶ್ಶಕ್ತಿ ಬಿಡಲಿಲ್ಲ. ರಜೆ ಹಾಕಿ ಮನೆಯಲ್ಲೇ ಉಳಿದರು. ಹೊತ್ತು ಹೋಗದೆ, ನನ್ನ ಪುಟ್ಟ ಮಗಳಿಗೆ ತರಕಾರಿ ತಿನ್ನಿಸುವ ಕೆಲಸವನ್ನು ತಾವೇ ವಹಿಸಿಕೊಂಡರು. ನನಗೋ ಮಗು ಸೀನಿದರೂ ಎದೆ ಡವಡವ. ಹಸಿ ತರಕಾರಿಯಿಂದ ಹೊಟ್ಟೆ ಕೆಟ್ಟರೆ? ಹುಳ ಇದ್ದರೆ? ಹೋಳು ಗಂಟಲಲ್ಲಿ ಸಿಕ್ಕಿಕೊಂಡರೆ? ಆದರೆ ಮಾವ ಕೆಲಸ ಮಾಡುವುದನ್ನು ನೋಡುತ್ತ ನೋಡುತ್ತ ಭಯ ಇಳಿಯುತ್ತಿತ್ತು. ಲೆಟ್ಯೂಸನ್ನು ಉಪ್ಪುನೀರಿನಲ್ಲಿ ಮುಳುಗಿಸಿ, ಎಲೆ ಎಲೆ ಬಿಡಿಸಿ, ಬೆಳಕಿಗೆ ಹಿಡಿದು ನೋಡಿ, ಬಟ್ಟೆಯಲ್ಲಿ ಸುತ್ತಿ ಒದರುವರು. ಎಲೆಗೆ ಚಾಕು ಮುಟ್ಟಿಸುವುದಿಲ್ಲ, ಕೈಯಲ್ಲೇ ಹರಿಯುವರು. ಸೌತೆಕಾಯಿಗೆ ಮಾತ್ರ ಒಂದು ಶಾಸ್ತ್ರ: ತೊಟ್ಟಿನ ಕಡೆಯಿಂದ ತೆಳ್ಳಗೆ ಒಂದು ಹೋಳು ತೆಗೆದು, ಕಣ್ಣು ಮುಚ್ಚಿ ಜಗಿಯುವರು. ಸಿಹಿಯಿದ್ದರೆ ಮಾತ್ರ ಕಾಯಿ ಹಲಗೆಯ ಮೇಲೆ. ಕಹಿಯಿದ್ದರೆ ಇಡೀ ಕಾಯಿ ಕಸದ ಬುಟ್ಟಿಗೆ.

ಒಂದು ದಿನ ಹಾಗೇ ರುಚಿ ನೋಡಿ, "ಆಹಾ, ಕಲ್ಲುಸಕ್ಕರೆ" ಎಂದು ಮಗುವಿನ ಬಾಯಿಗೆ ಒಂದು ಹೋಳು ಇಟ್ಟರು. ಮಗು ಮುಖ ಕಿವುಚಿ ಉಗಿಯಿತು.

"ಹಟ ನೋಡು ಇದರದ್ದು! ತಿನ್ನು ಪುಟ್ಟಿ."

"ಕಹಿ ತಾತಾ."

"ಕಹಿಯಂತೆ! ತಾತನ ನಾಲಿಗೆಗಿಂತ ನಿಂದು ದೊಡ್ಡದಾ?"

ನಾನೂ ಒಂದು ಹೋಳು ಬಾಯಿಗೆ ಹಾಕಿಕೊಂಡೆ. ಮಾತ್ರೆ ಅರೆದು ನಾಲಿಗೆಗೆ ಬಳಿದಂತಿತ್ತು. ಇನ್ನೊಂದು ಹೋಳು ಹಿಡಿದು, ಮಗುವನ್ನು ಎತ್ತಿಕೊಂಡು ಅಡುಗೆಮನೆಗೆ ಓಡಿದೆ.

"ಅತ್ತೆ, ಮಾವನಿಗೆ ಕಹಿ ಗೊತ್ತಾಗ್ತಿಲ್ಲ. ಮಗುಗೆ ಏನಾದ್ರೂ ಆದ್ರೆ? ಡಾಕ್ಟರಿಗೆ ಫೋನ್ ಮಾಡ್ಲಾ?"

ಅತ್ತೆ ಹೋಳನ್ನು ಇಸಿದುಕೊಂಡು ಕಚ್ಚಿದರು. ಉಗಿಯಲಿಲ್ಲ. ನಿಧಾನವಾಗಿ ಜಗಿದು ನುಂಗಿದರು.

"ಮಗುಗೆ ಏನೂ ಆಗಲ್ಲ, ಉಗೀತಲ್ಲ. ನೀನು ಅವರಿಗೆ ಹೇಳ್ಬೇಡ."

"ಯಾಕತ್ತೆ?"

"ಹೇಳ್ಬೇಡ ಅಂದ್ನಲ್ಲ."

ಅಂದು ಸಂಜೆ ಅತ್ತೆ ಸಕ್ಕರೆಯನ್ನೇ ಹಾಕದ ಚಹಾ ಕೊಟ್ಟರು. ಮಾವ ಒಂದು ಗುಟುಕು ಕುಡಿದು ಎಂದಿನಂತೆ ಮುಖ ಸಿಂಡರಿಸಿದರು. "ಸಕ್ಕರೆ ಸುರಿದಿದ್ದೀಯಲ್ಲೇ. ಇದು ಚಹಾನೋ ಶರಬತ್ತೋ?"

"ಕೈ ತಪ್ಪಿ ಬಿತ್ತು ರೀ."

ಒಳಗೆ ಬಂದು ಅತ್ತೆ ಕೈಬಟ್ಟೆಯನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ನಾನು ಈ ಮನೆಗೆ ಬಂದ ಮೇಲೆ ಅವರು ಹಾಗೆ ನಕ್ಕಿದ್ದನ್ನು ಕಂಡಿರಲಿಲ್ಲ. ಮರುದಿನ ಉಪ್ಪಿಲ್ಲದ ಸೂಪಿಗೆ "ಡಬ್ಬ ಬೋರಲಾಯ್ತಾ?" ಎಂಬ ಪ್ರಶ್ನೆ. ಖಾರವಿಲ್ಲದ ಸಾರಿಗೆ "ಬಾಯಿ ಸುಟ್ಟುಹೋಯ್ತು" ಎಂಬ ಆರೋಪ. ರುಚಿ ಹೋಗಿದ್ದರೂ ಬೈಗುಳ ಉಳಿದಿತ್ತು. ಅಂದಾಜಿನ ಮೇಲೆ ಬಿಡುತ್ತಿದ್ದರು, ಪಾಪ.

ಅವರಿಗೆ ಗೊತ್ತಿತ್ತೇ? ಗೊತ್ತಿತ್ತು. ಒಂದು ಮಧ್ಯಾಹ್ನ ನೀರು ಕುಡಿಯಲು ಹೋದರೆ, ಮಾವ ಡಬ್ಬದಿಂದ ಉಪ್ಪು ತೆಗೆದು ಬಾಯಿತುಂಬ ಹಾಕಿಕೊಂಡು ಗೋಡೆ ನೋಡುತ್ತ ನಿಂತಿದ್ದರು. ನನ್ನನ್ನು ಕಂಡು ಬಾಯಿ ಮುಚ್ಚಿದರು. ಕೆನ್ನೆ ಉಬ್ಬಿತ್ತು, ಕಣ್ಣಲ್ಲಿ ನೀರಿತ್ತು.

ಬೇಸಿಗೆ ಬರುವಷ್ಟರಲ್ಲಿ ಹೋಟೆಲಿನ ಮಾಲೀಕರು ಫೋನ್ ಮಾಡಿದರು. ಹೊಸ ಶಾಖೆ ತೆರೆಯುತ್ತಾರಂತೆ, ಸಲಾಡಿನ ವಿಭಾಗ ಪೂರ್ತಿ ಮೇಸ್ತ್ರಿಯ ಕೈಗೆ. ಆದರೆ ಕಾಯಿಲೆ ಬಿದ್ದು ಎದ್ದ ಮನುಷ್ಯ, ಮೊದಲಿನ ಹಾಗಿದ್ದಾರೋ ಇಲ್ಲವೋ ಒಮ್ಮೆ ನೋಡಬೇಕು. "ಮನೆಗೇ ಊಟಕ್ಕೆ ಬನ್ನಿ" ಎಂದರು ಮಾವ. ಕೆಲಸ ಸಿಕ್ಕರೆ ಅವರು ಮತ್ತೆ ನಾಲಿಗೆ ಮೇಸ್ತ್ರಿ. ಸಿಗದಿದ್ದರೆ ಅತ್ತೆ ಹಾಕಿದ್ದನ್ನು ತಿಂದು ಮೂಲೆಯಲ್ಲಿ ಕೂರುವ ಮುದುಕ. "ಉಪ್ಪು ನನ್ನ ಬೆರಳಿಗೇ ಗೊತ್ತು" ಎಂದು ಕನ್ನಡಿಯ ಮುಂದೆ ತಮಗೆ ತಾವೇ ಹೇಳಿಕೊಳ್ಳುತ್ತಿದ್ದುದು ನನಗೆ ಕೇಳಿಸಿತು.

ಮಹಡಿಯ ಮೇಲೆ ನಮ್ಮದೊಂದು ಸೌತೆಬಳ್ಳಿ ಇದೆ, ದೊಡ್ಡ ಕುಂಡದಲ್ಲಿ. ನೀರು ಹಾಕುವುದು ನನ್ನ ಕೆಲಸ. "ಈ ವಾರ ನಾನು ಹಾಕ್ತೀನಿ ಬಿಡು, ನಿಂಗೆ ಮಗೂನೇ ಸಾಕಾಗಿದೆ" ಎಂದರು ಅತ್ತೆ. ಬಿಸಿಲು ಸುಡುತ್ತಿತ್ತು. ಮಾಲೀಕರು ಬರುವ ದಿನ ಬಟ್ಟೆ ಒಣಗಿಸಲು ಹೋದಾಗ ನೋಡಿದೆ: ಎಲೆಗಳು ಜೋತುಬಿದ್ದಿದ್ದವು, ಕುಂಡದ ಮಣ್ಣು ಬಿರುಕು ಬಿಟ್ಟಿತ್ತು. ನೀರು ಕಾಣದ ಬಳ್ಳಿಯ ಕಾಯಿ ಕಹಿಯಾಗುತ್ತದೆ ಎಂದು ನನಗೆ ಹೇಳಿಕೊಟ್ಟವರು ಮಾವನೇ. ಅತ್ತೆ ಆಗಲೇ ಕಾಯಿ ಕೊಯ್ದು ಬುಟ್ಟಿಗೆ ಹಾಕಿಕೊಳ್ಳುತ್ತಿದ್ದರು.

"ಅತ್ತೆ, ಇವು ಬೇಡ. ಅಂಗಡಿಯಿಂದ ತರ್ತೀನಿ."

"ಮನೇದಿರುವಾಗ ಅಂಗಡೀದ್ಯಾಕೆ? ನೋಡು, ಎಷ್ಟು ಹಸಿರಾಗಿದಾವೆ."

ಮಾಲೀಕರು ಬಂದರು. ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು. ಅಡುಗೆಯೆಲ್ಲ ಅವರದೇ. ಮೊದಲು ಲೆಟ್ಯೂಸಿನ ಹೊರ ಎಲೆಗಳ ಬಿಸಿ ಸೂಪು. ಆಮೇಲೆ ಅದೇ ಲೆಟ್ಯೂಸಿನ ಎಲೆ ಸುತ್ತಿದ ಎಳೆಯ ಉಂಡೆಗಳನ್ನು ಎರಡು ಭಾಗ ಮಾಡಿ, ಬೆಣ್ಣೆ ಕಾಯಿಸಿ ಅದರಲ್ಲಿ ಮಗುಚಿ ಹಾಕಿ, ಅಂಚು ಕೆಂಪಗಾದ ಮೇಲೆ ಬಟಾಣಿ ಉದುರಿಸಿ ಮುಚ್ಚಿಟ್ಟು ಬೇಯಿಸಿದ್ದು. ಎಲೆ ಮೆತ್ತಗಾಗಿ, ಒಳಗಿನ ದಂಟು ಮಾತ್ರ ಕಟುಕ್ ಎನ್ನುತ್ತಿತ್ತು. ಉಪ್ಪು ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಬೆರಳಿಗೆ ನಿಜಕ್ಕೂ ಗೊತ್ತಿತ್ತು.

"ಮೇಸ್ತ್ರಿ, ಜ್ವರ ಬಂದಿದ್ದು ನಿಮಗೋ ಬೇರೆ ಯಾರಿಗೋ? ಸೋಮವಾರದಿಂದ ಬಂದ್ಬಿಡಿ!"

ಮಾವನ ಮುಖ ನೋಡಬೇಕಿತ್ತು. ಆ ಖುಷಿಯಲ್ಲೇ ಹಲಗೆಯನ್ನೂ ಅತ್ತೆ ಕೊಯ್ದಿಟ್ಟ ಸೌತೆಕಾಯಿಯನ್ನೂ ಮೇಜಿಗೆ ತರಿಸಿಕೊಂಡರು. ತೊಟ್ಟಿನ ಹೋಳು ಕತ್ತರಿಸಿ, ಎಲ್ಲರ ಮುಂದೆ ಕಣ್ಣು ಮುಚ್ಚಿ ಜಗಿದರು. "ಕಲ್ಲುಸಕ್ಕರೆ." ಸರಸರನೆ ಹೆಚ್ಚಿ, ಟೊಮೆಟೊ, ಪುದೀನ, ನಿಂಬೆರಸ ಬೆರೆಸಿ ತಾವೇ ಬಡಿಸಿದರು.

ಮಾಲೀಕರ ದವಡೆ ಜಗಿಯುವ ನಡುವೆಯೇ ನಿಂತಿತು. ಕರವಸ್ತ್ರ ಬಾಯಿಗೆ ಹೋಯಿತು. ಅವರು ಸಿಟ್ಟಾಗಲಿಲ್ಲ, ಅದೇ ಕಷ್ಟವಾಗಿತ್ತು.

"ಮೇಸ್ತ್ರಿ, ನೀವೂ ಒಂದು ಹೋಳು ತಗೊಳ್ಳಿ."

ಮಾವ ತಿಂದರು. "ಚೆನ್ನಾಗಿದೆಯಲ್ಲ?" ಎಂದರು. ಮಾಲೀಕರ ಮುಖ ನೋಡಿದರು, ನನ್ನ ಮುಖ ನೋಡಿದರು. ಕೊನೆಗೆ ಅತ್ತೆಯ ಕಡೆ ತಿರುಗಿದರು.

ಅತ್ತೆ ಬೆರಳ ತುದಿಯಲ್ಲಿ ಒಂದಿಷ್ಟು ತೆಗೆದು ನೆಕ್ಕಿದರು. ತೋರುಬೆರಳಿನಿಂದ ತಟ್ಟೆಯನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದರು.

"ದನಕ್ಕೂ ಹಾಕ್ಬೇಡಿ ರೀ."

ಮಾಲೀಕರು ಫೋನ್ ಮಾಡುತ್ತೇನೆಂದು ಹೇಳಿ ಹೋದರು. ಮಾಡಲಿಲ್ಲ. ಅವರು ಹೋದ ಮೇಲೆ ಮಾವ ಹಲಗೆಯ ಮೇಲೆ ಬಿದ್ದಿದ್ದ ತೊಟ್ಟಿನ ಹೋಳುಗಳನ್ನು ಒಂದೊಂದಾಗಿ ಆಯ್ದು, ಕಣ್ಣು ಮುಚ್ಚಿ ಜಗಿಯುತ್ತ ಕೂತಿದ್ದರು. ಅತ್ತೆ ನೆಲ ಒರೆಸಲು ಬಂದು, "ಕಾಲೆತ್ತಿ" ಎಂದರು. ಎತ್ತಿದರು.

ಈಗ ಮಾವ ಯಾವ ಅಡುಗೆಗೂ ತಪ್ಪು ಹೇಳುವುದಿಲ್ಲ. ಅತ್ತೆ ದಿನವೂ ಕೇಳುತ್ತಾರೆ, "ಸಕ್ಕರೆ ಹೇಗಿದೆ ರೀ?" ಅವರು ಲೋಟ ಕೆಳಗಿಡುತ್ತಾರೆ. ಉತ್ತರ ಬರುವವರೆಗೆ ಅತ್ತೆ ಕದಲುವುದಿಲ್ಲ. "ನೀನೇ ಹೇಳು" ಎಂದ ಮೇಲೆಯೇ ಒಳಗೆ ಹೋಗುವುದು. ನಮ್ಮವರಿಗೆ ಹೇಳಿದರೆ, ಅಪ್ಪ ಅಮ್ಮನ ನಡುವೆ ನೀನು ಬರಬೇಡ ಎನ್ನುತ್ತಾರೆ.

ಮಗುವಿಗೆ ಮಾತ್ರ ಇನ್ನೂ ತಾತನೇ ತರಕಾರಿ ಹೆಚ್ಚುವುದು. ಶಾಸ್ತ್ರ ಬದಲಾಗಿದೆ. ತೊಟ್ಟಿನ ಹೋಳನ್ನು ತಮ್ಮ ಬಾಯಿಗೆ ಹಾಕಿಕೊಳ್ಳುವುದಿಲ್ಲ, ಮಗುವಿಗೆ ಚಾಚುತ್ತಾರೆ.

"ನೋಡು ಪುಟ್ಟಿ. ಸಿಹಿನಾ ಕಹಿನಾ?"

ನಿನ್ನೆ ಮಗು ಜಗಿದು, ತಾತನ ಮುಖವನ್ನೇ ನೋಡಿ, "ಕಹಿ!" ಎಂದಿತು. ಮಾವ ಇಡೀ ಕಾಯಿಯನ್ನು ಬುಟ್ಟಿಗೆ ಹಾಕಿದರು. ಇನ್ನೊಂದು ಕತ್ತರಿಸಿದರು. "ಕಹಿ!" ಅದೂ ಬುಟ್ಟಿಗೆ. ಮಗುವಿಗೆ ನಗು ತಡೆಯಲಾಗಲಿಲ್ಲ, ಕೈ ತಟ್ಟಿತು. "ಇನ್ನೊಂದು ತಾತಾ, ಇನ್ನೊಂದು!"

ನಾನು ಬುಟ್ಟಿಯಿಂದ ಒಂದನ್ನು ತೆಗೆದು, ತೊಳೆದು, ತುದಿ ಕಚ್ಚಿದೆ. ಸಿಹಿಯಾಗಿತ್ತು. ಮಾವ ನನ್ನ ಬಾಯಿಯನ್ನೇ ನೋಡುತ್ತಿದ್ದರು.

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಬಂದು ನಿಂತಿದ್ದರು. ತುಟಿಯ ಮೇಲೆ ಬೆರಳಿತ್ತು, ಅದೇ ತೋರುಬೆರಳು. ಅದನ್ನು ಕಂಡು ನನ್ನ ಮಗಳೂ ತುಟಿಯ ಮೇಲೆ ಬೆರಳಿಟ್ಟುಕೊಂಡು ನನ್ನನ್ನು ನೋಡಿದಳು.