ತೊಟ್ಟಿಯ ನೀರಿನಲ್ಲಿಟ್ಟ ಹಿಟ್ಟು

ಫಿಲೋಮಿನಾ, ಆ ವರ್ಷ ನಿಮ್ಮಮ್ಮನ ಕ್ರಿಸ್‌ಮಸ್ ಬ್ರೆಡ್ಡಿನ ಹಿಟ್ಟು ಉಬ್ಬದೆ ಹೋಯಿತಲ್ಲ, ಅದು ತಾನಾಗಿ ಹಾಗಾದದ್ದಲ್ಲ. ನಾನು ಕೆಡಿಸಿದೆ. ಅದರಿಂದ ನಿನ್ನ ಮದುವೆ ತಪ್ಪಿತು. ಇಷ್ಟು ಬರೆಯಲು ನನಗೆ ಒಂದು ಆಯಸ್ಸೇ ಹಿಡಿಯಿತು. ಬರೆದ ಮೇಲೂ ಒಂದು ಮಾತ್ರ ತಿಳಿಯುತ್ತಿಲ್ಲ — ಯಾಕೆ ಹಾಗೆ ಮಾಡಿದೆ?

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಂದಗುಡಿ ಕಡೆಯವಳಾದ ನಾನು ದೊಡ್ಡಬಳ್ಳಾಪುರದ ನೇಕಾರರ ಮನೆಗೆ ಸೊಸೆಯಾಗಿ ಬಂದಿದ್ದೆ. ಹಗಲೆಲ್ಲ ಮಗ್ಗದ ಸದ್ದು. ಗಂಡನಿಗೆ ಏನಾದರೂ ಹೇಳಬೇಕಾದರೆ ಕಿವಿಯ ಹತ್ತಿರ ಹೋಗಿ ಕೂಗಬೇಕು; ಕೂಗಿ ಹೇಳುವಂಥ ಮಾತು ಹೊಸ ಹೆಂಡತಿಯ ಹತ್ತಿರ ಎಷ್ಟಿರುತ್ತದೆ? ಪಕ್ಕದ ಮನೆಯಲ್ಲಿ ನೀನಿದ್ದೆ. ಕಾಂಪೌಂಡರ್ ಆಗಿದ್ದ ನಿಮ್ಮಪ್ಪ ತೀರಿಕೊಂಡಿದ್ದರು, ನಿಮ್ಮಮ್ಮ ಜ್ಞಾನಮ್ಮನವರು ರವಿಕೆ ಹೊಲಿದು ಸಂಸಾರ ನಡೆಸುತ್ತಿದ್ದರು. ಬೇಲಿಯ ಆಚೆ ನಿನ್ನ ತಲೆ ಕಂಡರೆ ಸಾಕು, ನನಗೆ ಅನ್ನ ಸೇರುತ್ತಿತ್ತು.

ಹಬ್ಬದ ಹಿಂದಿನ ದಿನ ನಿಮ್ಮಮ್ಮ ಮೈದಾಗೆ ಸಕ್ಕರೆ, ಮೊಟ್ಟೆ, ಬೆಣ್ಣೆ, ಒಣದ್ರಾಕ್ಷಿ, ಜಾಯಿಕಾಯಿ ಪುಡಿ ಹಾಕಿ, ಹುಳಿ ಬಂದು ಉಬ್ಬಲೆಂದು ಹೊಸ ಈಚಲ ಹೆಂಡ ಸುರಿದು ನಾದುತ್ತಿದ್ದರು. ಡಿಸೆಂಬರಿನ ಚಳಿಯಲ್ಲಿ ಆ ಹಿಟ್ಟು ನಿಮ್ಮ ಮನೆಯಲ್ಲಿ ಮಿಸುಕುತ್ತಿರಲಿಲ್ಲ. ಅದಕ್ಕೇ ಹಿಟ್ಟಿನ ಪಾತ್ರೆಯನ್ನು, ಆ ದೊಡ್ಡ ದಬರಿಯನ್ನು, ನಮ್ಮ ಬಣ್ಣದ ಮನೆಗೆ ತರುವುದು ರೂಢಿ. ರೇಷ್ಮೆ ನೂಲಿಗೆ ಬಣ್ಣ ಕುದಿಸುವ ನಮ್ಮ ಒಲೆ, ಬೆಂಕಿ ಆರಿಸಿದ ಮೇಲೂ ಬೆಳಗಿನ ತನಕ ಬೆಚ್ಚಗಿರುತ್ತಿತ್ತು. ಬೆಳಗ್ಗೆ ಹಿಟ್ಟು ದಬರಿಯ ಅಂಚು ಮೀರಿ ಬಂದಿರುತ್ತಿತ್ತು. ಬೇಕರಿಯವರು ತಮ್ಮ ಬ್ರೆಡ್ಡು ಇಳಿಸಿಕೊಂಡ ಮೇಲೆ ಅದೇ ಭಟ್ಟಿಯಲ್ಲಿ ನಿಮ್ಮದನ್ನು ಸುಟ್ಟುಕೊಡುತ್ತಿದ್ದರು. ಅದರಲ್ಲಿ ಹೆಂಡವಿದೆ, ಮೊಟ್ಟೆಯಿದೆ ಎಂದು ನಮ್ಮ ಅತ್ತೆಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಕದ್ದು ತಿನ್ನುತ್ತಲೂ ಇದ್ದೆ.

ಆ ವರ್ಷ ನಿನಗೊಂದು ಸಂಬಂಧ ಬಂತು. ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದ ಹುಡುಗ. ಒಂದು ಸಲ ಬಂದು ನೋಡಿಕೊಂಡು ಹೋದ. "ನನ್ನ ನೋಡಿ ನಕ್ರು ಕಣೇ ಸರೋಜ, ಅಮ್ಮನ್ನ ನೋಡಿ ಅಲ್ಲ" ಎಂದು ನೀನು ವಾರವೆಲ್ಲ ಅದನ್ನೇ ಹೇಳಿದೆ. ಆದರೆ ಗಣಿಯಲ್ಲಿ ದುಡಿಯುವವರ ಕೆಮ್ಮಿನ ಕತೆ ಕೇಳಿ ನಿಮ್ಮಮ್ಮನಿಗೆ ಎರಡು ಮನಸ್ಸು. ಹಬ್ಬದ ಮಧ್ಯಾಹ್ನ ಹುಡುಗನ ಕಡೆಯವರು ಉತ್ತರ ಕೇಳಲು ಬರುವವರಿದ್ದರು. ಹಿಂದಿನ ದಿನ ದಬರಿ ತಂದಿಟ್ಟು ನಿಮ್ಮಮ್ಮ ಶಿಲುಬೆಯ ಗುರುತು ಹಾಕಿ ನನಗೆ ಹೇಳಿದರು:

"ಇವಳಪ್ಪ ಇದ್ದಿದ್ರೆ ಹೇಳೋರು ಕಣಮ್ಮ. ಈಗ ನಾನ್ಯಾರ್ನ ಕೇಳ್ಲಿ? ಬೆಳಗ್ಗೆ ಹಿಟ್ಟು ದಬರಿ ತುಂಬ ಬಂದ್ರೆ ಅವರು ಹೂಂ ಅಂದಂಗೆ. ಇಲ್ದಿದ್ರೆ ಬೇಡ ಅಂದಂಗೆ."

ನೀನು ಹಿತ್ತಲಲ್ಲಿ ನನ್ನ ಕೈ ಹಿಡಿದುಕೊಂಡು ನಕ್ಕೆ. "ಯಾವ ವರ್ಷ ಉಬ್ಬಿಲ್ಲ ಹೇಳು? ಅಮ್ಮಂಗೆ ಒಳಗೊಳಗೆ ಇಷ್ಟಾನೇ. ಹೂಂ ಅನ್ನೋಕೊಂದು ನೆಪ ಬೇಕು ಅಷ್ಟೇ."

ನಿಜ. ನಿಮ್ಮಮ್ಮ ಕೇಳಿದ್ದು 'ಹೂಂ' ಅನ್ನುವ ಉತ್ತರವನ್ನೇ.

ನೀವು ಹೋದ ಮೇಲೆ, ಕತ್ತಲಾಗುವ ಮುಂಚೆ, ನಾನು ದಬರಿಯನ್ನು ಒಲೆಯ ಮೇಲಿಂದ ಇಳಿಸಿದೆ. ಅತ್ತೆಗೆ ಹೆಂಡದ ವಾಸನೆ ಹತ್ತಿದರೆ ನನ್ನನ್ನು ಬಿಡುವುದಿಲ್ಲ, ಅದಕ್ಕೇ ಹಿತ್ತಲಲ್ಲಿ ಬಚ್ಚಿಟ್ಟೆ — ಹೀಗೆಂದು ನಾನು ನನಗೇ ಬಹಳ ವರ್ಷ ಹೇಳಿಕೊಂಡೆ. ಸುಳ್ಳು. ಅತ್ತೆ ಅವತ್ತು ಊರಲ್ಲೇ ಇರಲಿಲ್ಲ, ಮಗಳ ಮನೆಯ ನಾಮಕರಣಕ್ಕೆ ರಾಜಘಟ್ಟಕ್ಕೆ ಹೋಗಿದ್ದರು. ಬಚ್ಚಿಟ್ಟೆ ಎನ್ನುವುದೂ ಸುಳ್ಳು. ಬಣ್ಣ ಹಾಕಿದ ನೂಲು ಜಾಲಿಸುವ ಕಲ್ಲುತೊಟ್ಟಿ ಇತ್ತಲ್ಲ — ಆ ತಣ್ಣೀರಿನಲ್ಲಿ ದಬರಿಯನ್ನು ಕತ್ತಿನ ತನಕ ಇಳಿಸಿದೆ. ಮುಂಜಾನೆ ಎದ್ದು, ಒರೆಸಿ, ಮತ್ತೆ ಒಲೆಯ ಮೇಲಿಟ್ಟೆ. ಒರೆಸುವುದನ್ನು ಮರೆಯಲಿಲ್ಲ ನೋಡು.

ನಿನ್ನ ಮೇಲೆ ಹೊಟ್ಟೆಕಿಚ್ಚೇ? ನನ್ನ ಗಂಡ ನನ್ನನ್ನು ನೋಡಿ ನಗುವುದಿರಲಿ, ನಾನು ಅವರ ಮುಖ ಕಂಡದ್ದೇ ಧಾರೆಯ ದಿನ. ಇಲ್ಲ, ನೀನು ಹೋದರೆ ಆ ಮಗ್ಗದ ಸದ್ದಿನಲ್ಲಿ ನಾನೊಬ್ಬಳೇ ಉಳಿಯುತ್ತೇನೆ ಎಂಬ ದಿಗಿಲೇ? ಅಥವಾ ಒಂದು ಹಿಟ್ಟಿನಿಂದ ಏನಾದೀತು ನೋಡೋಣ ಎಂಬ ಹುಡುಗಾಟಿಕೆಯೇ... ಒಂದೊಂದು ದಿನ ಒಂದೊಂದು ನಿಜವೆನಿಸುತ್ತದೆ. ಬೆಳಗಾದರೆ ಯಾವುದೂ ಪೂರ್ತಿ ನಿಜವಲ್ಲ.

ಬೆಳಗ್ಗೆ ನೀವು ಬಂದು ದಬರಿಗೆ ಮುಚ್ಚಿದ್ದ ಬಟ್ಟೆ ತೆಗೆದಾಗ ಹಿಟ್ಟು ತಳದಲ್ಲೇ ಇತ್ತು. ನಿಮ್ಮಮ್ಮ ಬೆರಳಿನಿಂದ ಒತ್ತಿ ನೋಡಿದರು. ನನ್ನ ಮುಖ ನೋಡಿದರು. "ಒಲೆ ಬೆಚ್ಚಗಿತ್ತೇನಮ್ಮ?" ಎಂದು ಕೇಳಿದರು.

"ಬೆಚ್ಚಗಿತ್ತು ಜ್ಞಾನಮ್ಮೋರೆ" ಎಂದೆ.

ಆಗ ಬೇರೆ ಮಾತು ಹೇಳಬಹುದಿತ್ತು. ನನ್ನ ಕಡೆ ನೋಡುತ್ತಾ ನೀನು ಬಾಗಿಲಲ್ಲೇ ನಿಂತಿದ್ದೆ.

ಮಧ್ಯಾಹ್ನ ಬಂದವರಿಗೆ ಅಂಗಡಿಯ ಬಿಸ್ಕತ್ತು, ಟೀ ಕೊಟ್ಟು ನಿಮ್ಮಮ್ಮ ಕೈಮುಗಿದು ಕಳಿಸಿದರು. ನೀನು ನೇರ ನಮ್ಮ ಮನೆಗೆ ಬಂದು ನನ್ನ ತೊಡೆಯ ಮೇಲೆ ಮುಖವಿಟ್ಟು ಅತ್ತೆ. ನಾನು ನಿನ್ನ ತಲೆ ಸವರಿದೆ. ಆಗ ನನಗೆ ಪಶ್ಚಾತ್ತಾಪವಾಗಲಿಲ್ಲ ಫಿಲೋ, ಸಮಾಧಾನವಾಯಿತು. ನೀನು ಎಲ್ಲಿಗೂ ಹೋಗುವುದಿಲ್ಲ ಎಂಬ ಸಮಾಧಾನ. ಅದನ್ನು ನೆನೆದರೆ ಈಗಲೂ ನನಗೆ ನನ್ನ ಮೇಲೆಯೇ ಅಸಹ್ಯವಾಗುತ್ತದೆ.

ಆಮೇಲೆ ಬಂದ ಸಂಬಂಧಗಳಿಗೆಲ್ಲ ನೀನೇ ಬೇಡ ಅಂದೆ. ಹೊಲಿಗೆ ಟೀಚರ್ ಆದೆ, ಹೊಸಕೋಟೆಗೆ ಹೋದೆ, ಅಮ್ಮನನ್ನು ಕೊನೆಯ ತನಕ ನೋಡಿಕೊಂಡೆ. ಆ ಹುಡುಗ ವಯಸ್ಸಿರುವಾಗಲೇ ಎದೆ ಕಾಯಿಲೆಯಿಂದ ಹೋದನಂತೆ ಎಂದು ಒಬ್ಬರು ಹೇಳಿದರು. ಇಲ್ಲ, ಗಟ್ಟಿಯಾಗಿದ್ದಾನೆ, ಮೊಮ್ಮಕ್ಕಳಾಗಿದ್ದಾರೆ ಎಂದು ಇನ್ನೊಬ್ಬರು. ಮೊದಲನೆಯದು ನಿಜವಾಗಿರಲಿ ಎಂದು ನಾನು ಆಸೆಪಟ್ಟೆ! ಯಾರದೋ ಸಾವನ್ನು ಬಯಸಿ ನನ್ನ ತಪ್ಪನ್ನು ಸರಿಮಾಡಿಕೊಳ್ಳಲು ಹೊರಟಿದ್ದೆ. ಎಂಥ ಹೆಂಗಸು ನಾನು.

ಹೋದ ಡಿಸೆಂಬರಿನಲ್ಲಿ ನೀನು ಬ್ರೆಡ್ಡು ತಂದಾಗ ಎಲ್ಲ ಹೇಳಿಬಿಡಬೇಕೆಂದು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ನೀನೇ ಹೇಳಿದೆ: "ಒಂಟಿಯಾಗಿದ್ದೀನಿ ಅಂತ ಬೇಜಾರಿಲ್ಲ ಕಣೇ. ಅವತ್ತು ಅಪ್ಪನೇ ಬೇಡ ಅಂದ್ರಲ್ಲ. ನನ್ನ ಒಳ್ಳೇದಕ್ಕೇ ಅಂದಿರ್ತಾರೆ."

ತೆರೆದ ಬಾಯಿಗೆ ಬ್ರೆಡ್ಡಿನ ತುಂಡು ಹಾಕಿಕೊಂಡೆ. ನಿಜ ಹೇಳಿದರೆ ಆ ನೆಮ್ಮದಿಯನ್ನೂ ನಿನ್ನಿಂದ ಕಿತ್ತುಕೊಂಡ ಹಾಗೆ. ಹೇಳದಿದ್ದರೆ, ನಾನು ಆಡಿದ ಮಾತನ್ನು ನೀನು ಬದುಕಿಡೀ ನಿಮ್ಮಪ್ಪನ ಮಾತೆಂದು ಪಾಲಿಸಿದ ಹಾಗೆ. ಯಾವುದು ದೊಡ್ಡ ಅನ್ಯಾಯ? ವರ್ಷವೆಲ್ಲ ಯೋಚಿಸಿದೆ, ಗೊತ್ತಾಗಲಿಲ್ಲ. ಇನ್ನು ಯೋಚಿಸುವುದಿಲ್ಲ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ, ನೀನೇ ಬರಲಿ ಎಂದು ಕಾಯುವುದೂ ಇಲ್ಲ; ಹೊಸಕೋಟೆಗೆ ನಾನೇ ಬರುತ್ತೇನೆ. ಬಾಗಿಲಲ್ಲೇ ನಿಂತು, ಒಳಗೆ ಕರೆಯುವ ಮುಂಚೆಯೇ ಹೇಳುತ್ತೇನೆ.

ನಿಮ್ಮಪ್ಪ ಬೇಡ ಅನ್ನಲಿಲ್ಲ ಫಿಲೋ. ಬೇಡ ಅಂದವಳು ನಾನು.